ಬೆನ್ನು ತಿರುಗಿಸಿ ನಿಂತವರ ಚಿತ್ರಕಾರ

ಕಡುಹಸಿರು ಕೋಟು ತೊಟ್ಟ ಒಬ್ಬ ಮನುಷ್ಯ ಬಂಡೆಯ ತುದಿಯಲ್ಲಿ ಊರುಗೋಲು ಹಿಡಿದು ನಿಂತಿದ್ದಾನೆ. ಅವನ ಮುಂದೆ ಕಣಿವೆಯ ತುಂಬ ಮಂಜು, ಮಂಜಿನ ನಡುವೆ ಅಲ್ಲಲ್ಲಿ ತಲೆಯೆತ್ತಿದ ಶಿಖರಗಳು. ಅವನ ಬೆನ್ನು ಮಾತ್ರ ನಮ್ಮ ಕಡೆಗಿದೆ, ಮುಖ ಕಾಣುವುದಿಲ್ಲ. ನಿಮ್ಮಲ್ಲಿ ಅನೇಕರು ಈ ಚಿತ್ರವನ್ನು ಪುಸ್ತಕದ ಮುಖಪುಟದಲ್ಲೋ ಮೊಬೈಲ್ ಪರದೆಯ ಮೇಲೋ ನೋಡಿರಬಹುದು. ಇದರ ಹೆಸರು ‘ಮಂಜಿನ ಕಡಲಿನ ಮೇಲೆ ಅಲೆಮಾರಿ’. ಬರೆದವರು ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೆಡ್ರಿಕ್. ಚಿತ್ರ ಎಲ್ಲರಿಗೂ ಗೊತ್ತು, ಚಿತ್ರಕಾರರು ಗೊತ್ತಿರುವುದು ಕೆಲವರಿಗೆ ಮಾತ್ರ. ಆ ಮನುಷ್ಯನ ಮುಖವನ್ನು ಅವರು ಏಕೆ ತೋರಿಸಲಿಲ್ಲ ಎಂಬ ಒಂದೇ ಪ್ರಶ್ನೆ ಹಿಡಿದು ನಾನು ಅವರ ಬದುಕನ್ನು ಓದತೊಡಗಿದೆ. ಓದಿ ತಿಳಿದುದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಫ್ರೆಡ್ರಿಕ್ ಹುಟ್ಟಿದ್ದು 1774ರ ಸೆಪ್ಟೆಂಬರ್ 5ರಂದು, ಬಾಲ್ಟಿಕ್ ಸಮುದ್ರದ ದಡದ ಗ್ರೈಫ್ಸ್‌ವಾಲ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ಆ ಪ್ರದೇಶ ಆಗ ಸ್ವೀಡನ್ ದೊರೆಯ ಅಧೀನದಲ್ಲಿತ್ತು. ತಂದೆ ಮೇಣದ ಬತ್ತಿ ಮತ್ತು ಸಾಬೂನು ತಯಾರಿಸುವವರು. ಹತ್ತು ಮಕ್ಕಳಲ್ಲಿ ಇವರು ಆರನೆಯವರು. ಮನೆಯಲ್ಲಿ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥದ ಕಟ್ಟುನಿಟ್ಟಾದ ಧಾರ್ಮಿಕ ಶಿಸ್ತು.

ಸಾವು ಆ ಮನೆಗೆ ಮತ್ತೆ ಮತ್ತೆ ಬಂತು. ಏಳನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಮರುವರ್ಷ ಒಬ್ಬ ಸಹೋದರಿ ತೀರಿಕೊಂಡಳು. 1787ರ ಡಿಸೆಂಬರಿನಲ್ಲಿ, ಇವರಿಗೆ ಹದಿಮೂರು ವರ್ಷವಾಗಿದ್ದಾಗ, ತಮ್ಮ ಕ್ರಿಸ್ಟೋಫರ್ ನೀರಿನಲ್ಲಿ ಮುಳುಗಿ ಸತ್ತ. ಹೆಪ್ಪುಗಟ್ಟಿದ ನೀರಿನ ಮೇಲೆ ಅಪಾಯಕ್ಕೆ ಸಿಲುಕಿದ್ದ ಅಣ್ಣನನ್ನು ಉಳಿಸಲು ಹೋಗಿ ಅವನು ಪ್ರಾಣ ಬಿಟ್ಟ ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. 1791ರಲ್ಲಿ ಇನ್ನೊಬ್ಬ ಸಹೋದರಿ ಜ್ವರಕ್ಕೆ ಬಲಿಯಾದಳು. ನಮ್ಮ ಪಿಯುಸಿ ವಯಸ್ಸಿಗೆ ಬರುವ ಹೊತ್ತಿಗೆ ಫ್ರೆಡ್ರಿಕ್ ನಾಲ್ಕು ಜನಾಝಾಗಳನ್ನು ಕಂಡಿದ್ದರು ಎಂದರೆ ನಮಗೆ ಬೇಗ ಅರ್ಥವಾಗುತ್ತದೆ. ಮುಂದೆ ಅವರ ಚಿತ್ರಗಳಲ್ಲಿ ಗೋರಿ, ಹಿಮ, ಒಡೆದ ಹಡಗು, ಎಲೆಯುದುರಿದ ಮರ ಮತ್ತೆ ಮತ್ತೆ ಬಂದವು. ಕಾರಣವನ್ನು ದೂರ ಹುಡುಕಬೇಕಾಗಿಲ್ಲ.

1790ರಲ್ಲಿ ಅವರು ಊರಿನ ವಿಶ್ವವಿದ್ಯಾಲಯದ ಚಿತ್ರಕಲಾ ಶಿಕ್ಷಕ ಕ್ವಿಸ್ಟಾರ್ಪ್ ಅವರ ಬಳಿ ಕಲಿಯತೊಡಗಿದರು. ಈ ಗುರು ವಿದ್ಯಾರ್ಥಿಗಳನ್ನು ಕೊಠಡಿಯಿಂದ ಹೊರಗೆ ಕರೆದೊಯ್ದು ಬಯಲಿನಲ್ಲಿ ಚಿತ್ರ ಬರೆಸುತ್ತಿದ್ದರು. ಅವರ ಮೂಲಕವೇ ಫ್ರೆಡ್ರಿಕ್‌ಗೆ ಕೊಸೆಗಾರ್ಟನ್ ಎಂಬ ಕವಿಯ ವಿಚಾರಗಳ ಪರಿಚಯವಾಯಿತು. ಕೊಸೆಗಾರ್ಟನ್ ರೂಗನ್ ದ್ವೀಪದ ಪಾದ್ರಿ. ಹೆರಿಂಗ್ ಮೀನಿನ ಸುಗ್ಗಿಯಲ್ಲಿ ಬೆಸ್ತರು ಬಲೆ ಬಿಟ್ಟು ಚರ್ಚಿಗೆ ಬರಲಾಗುತ್ತಿರಲಿಲ್ಲ. ಆದ್ದರಿಂದ ಈ ಪಾದ್ರಿಯೇ ಕಡಲ ದಡಕ್ಕೆ ಹೋಗಿ ತೆರೆದ ಆಕಾಶದ ಕೆಳಗೆ ಉಪದೇಶ ಮಾಡುತ್ತಿದ್ದರು. ಪ್ರಕೃತಿಯೂ ದೇವರು ತೆರೆದಿಟ್ಟ ಒಂದು ಗ್ರಂಥ ಎಂಬುದು ಅವರ ನಂಬಿಕೆ. ವರ್ಷಕ್ಕೆರಡು ಸಲ ಈದ್ಗಾ ಮೈದಾನದಲ್ಲಿ, ಮೇಲೆ ಸೂರಿಲ್ಲದೆ, ಸಾಲಾಗಿ ನಿಲ್ಲುವ ನಮಗೆ ಆ ದಡದ ಪ್ರಾರ್ಥನೆ ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಫ್ರೆಡ್ರಿಕ್ ಅವರ ಕಲೆಯ ಬೀಜ ಬಿದ್ದದ್ದು ಆ ದಡದಲ್ಲಿ ಎಂದು ನನಗೆ ಅನ್ನಿಸುತ್ತದೆ.

1794ರಲ್ಲಿ ಅವರು ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಗೆ ಸೇರಿ ನಾಲ್ಕು ವರ್ಷ ಓದಿದರು. 1798ರಲ್ಲಿ ಎಲ್ಬೆ ನದಿಯ ದಡದ ಡ್ರೆಸ್ಡನ್ ನಗರಕ್ಕೆ ಬಂದು ಸಾಯುವವರೆಗೂ ಅಲ್ಲೇ ನೆಲೆಸಿದರು. ಆಗಿನ ದೊಡ್ಡ ಕಲಾವಿದರೆಲ್ಲ ಇಟಲಿಗೆ ಹೋಗಿ ಬರುವುದು ರೂಢಿ. ಫ್ರೆಡ್ರಿಕ್ ಒಮ್ಮೆಯೂ ಹೋಗಲಿಲ್ಲ. ಅವರ ಕಣ್ಣಿಗೆ ತಮ್ಮ ಉತ್ತರದ ಮಂಜು, ಚಳಿ, ಮಬ್ಬು ಬೆಳಕೇ ಸಾಕಾಗಿತ್ತು. 1805ರಲ್ಲಿ ಮಹಾಕವಿ ಗಯಟೆ ವೈಮಾರ್ ನಗರದಲ್ಲಿ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಕಂದು ಶಾಯಿಯ ಅವರ ರಚನೆಗಳಿಗೆ ಬಹುಮಾನ ಬಂತು. ಹೆಸರು ಹೊರಗೆ ಹರಡಿತು.

ಆ ಕಾಲವನ್ನು ರಮ್ಯ ಅಥವಾ ರೊಮ್ಯಾಂಟಿಕ್ ಯುಗ ಎನ್ನುತ್ತಾರೆ. ಇಂಗ್ಲೆಂಡಿನ ವರ್ಡ್ಸ್‌ವರ್ತ್ ಫ್ರೆಡ್ರಿಕ್‌ಗಿಂತ ನಾಲ್ಕು ವರ್ಷ ದೊಡ್ಡವರು ಅಷ್ಟೆ. ಬಿ.ಎಂ.ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಕನ್ನಡಕ್ಕೆ ತಂದದ್ದು ಬಹುಮಟ್ಟಿಗೆ ಈ ಯುಗದ ಕವಿತೆಗಳನ್ನೇ. ರಮ್ಯ ಎಂದೊಡನೆ ಪ್ರೇಮಕಥೆ ನೆನಪಾಗಬಹುದು. ಇಲ್ಲಿ ಅದರ ಅರ್ಥ ಬೇರೆ. ಬುದ್ಧಿಯ ಲೆಕ್ಕಾಚಾರಕ್ಕೆ ಸಿಗದ ಸಂಗತಿಗಳು ಮನುಷ್ಯನ ಒಳಗೂ ಪ್ರಕೃತಿಯಲ್ಲೂ ಇವೆ, ಅವನ್ನು ಕಲೆ ಮುಟ್ಟಬಲ್ಲದು ಎಂಬುದು ಆ ಯುಗದ ನಂಬಿಕೆ. ಅಲ್ಲಿಯವರೆಗೆ ಯುರೋಪಿನಲ್ಲಿ ನಿಸರ್ಗಚಿತ್ರಕ್ಕೆ ಕಡಿಮೆ ದರ್ಜೆ. ಧರ್ಮದ ವಿಷಯವೆಂದರೆ ಗ್ರಂಥದ ಕಥೆಗಳನ್ನೂ ಸಂತರ ಮುಖಗಳನ್ನೂ ಬರೆಯಬೇಕು. ಮರ, ಗುಡ್ಡ, ಮೋಡ ಹಿನ್ನೆಲೆಗೆ ಮಾತ್ರ. ಫ್ರೆಡ್ರಿಕ್ ಆ ಹಿನ್ನೆಲೆಯನ್ನೇ ಮುಂದಕ್ಕೆ ತಂದರು.

1808ರ ಕ್ರಿಸ್ಮಸ್ ಸಮಯದಲ್ಲಿ ಅವರು ತಮ್ಮ ಕೆಲಸದ ಕೋಣೆಯಲ್ಲಿ ಒಂದು ಚಿತ್ರವನ್ನು ಜನರಿಗೆ ತೋರಿಸಿದರು. ಹೆಸರು ‘ಬೆಟ್ಟದ ಮೇಲಿನ ಶಿಲುಬೆ’. ಬಂಡೆಯ ಬೆಟ್ಟ, ಅದರ ಮೇಲೆ ಫರ್ ಮರಗಳು, ತುದಿಯಲ್ಲಿ ಒಂದು ಶಿಲುಬೆ, ಹಿಂದೆ ಮುಳುಗಿದ ಸೂರ್ಯನ ಕಿರಣಗಳು. ಚಿತ್ರ ಇಷ್ಟೇ. ಆದರೆ ಅದಕ್ಕೆ ಚರ್ಚಿನ ಪೂಜಾಪೀಠಕ್ಕೆ ಹೊಂದುವಂಥ ಕೆತ್ತನೆಯ ಚೌಕಟ್ಟು ಹಾಕಿಸಿದ್ದರು. ರಾಮ್‌ಡೋರ್ ಎಂಬ ವಿಮರ್ಶಕರು 1809ರ ಆರಂಭದಲ್ಲಿ ಪತ್ರಿಕೆಯಲ್ಲಿ ಕಟುವಾಗಿ ಬರೆದರು. ನಿಸರ್ಗಚಿತ್ರವೊಂದು ಪೂಜಾಪೀಠದ ಮೇಲೆ ಹತ್ತಿ ಕೂರಲು ಹೊರಟಿದೆ ಎಂಬುದು ಅವರ ಆಕ್ಷೇಪ. ಸ್ನೇಹಿತರು ಫ್ರೆಡ್ರಿಕ್ ಪರ ನಿಂತರು. ಸಾಮಾನ್ಯವಾಗಿ ತಮ್ಮ ಚಿತ್ರಗಳ ಬಗ್ಗೆ ಮೌನವಾಗಿರುತ್ತಿದ್ದ ಫ್ರೆಡ್ರಿಕ್ ಅಂದು ಅರ್ಥ ವಿವರಿಸಲೇಬೇಕಾಯಿತು. ಮುಳುಗುವ ಸೂರ್ಯ ಕಳೆದುಹೋದ ಹಳೆಯ ಕಾಲ, ಅಲುಗದ ಬಂಡೆ ದೃಢವಾದ ವಿಶ್ವಾಸ, ವರ್ಷವಿಡೀ ಹಸಿರಾಗಿರುವ ಫರ್ ಮರ ಬತ್ತದ ಭರವಸೆ ಎಂದು ಅವರು ತಿಳಿಸಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಶಿಲುಬೆ ಅವರ ವಿಶ್ವಾಸದ ಚಿಹ್ನೆ, ನಮ್ಮದಲ್ಲ. ಆದರೆ ಬಂಡೆ, ಮರ, ಬೆಳಕು ಎಲ್ಲರವೂ ಹೌದು. ಆಕಾಶ ಭೂಮಿಗಳ ಸೃಷ್ಟಿಯಲ್ಲಿ, ರಾತ್ರಿ ಹಗಲುಗಳ ಬದಲಾವಣೆಯಲ್ಲಿ ಚಿಂತಿಸುವವರಿಗೆ ನಿದರ್ಶನಗಳಿವೆ ಎಂದು ಕುರ್‌ಆನ್ ನಮಗೆ ಕಲಿಸುತ್ತದೆ. ಕುರ್‌ಆನಿನ ವಾಕ್ಯಕ್ಕೂ ಪ್ರಕೃತಿಯ ನಿದರ್ಶನಕ್ಕೂ ಅರಬಿಯಲ್ಲಿ ಆಯತ್ ಎಂಬ ಒಂದೇ ಪದವಿರುವುದು ನಮಗೆಲ್ಲ ಗೊತ್ತು. ಬೇರೊಂದು ಧರ್ಮದ ಚಿತ್ರಕಾರ ತನ್ನ ದಾರಿಯಲ್ಲಿ ಬೆಟ್ಟವನ್ನು ಓದಲು ಕುಳಿತದ್ದನ್ನು ಗೌರವದಿಂದ ನೋಡಲು ನಮಗೆ ಅಡ್ಡಿಯಿಲ್ಲ. ವ್ಯತ್ಯಾಸವನ್ನು ಮರೆಯದೆಯೇ ಕಲಿಯಬಹುದು.

1810ರಲ್ಲಿ ಬರ್ಲಿನ್ ಅಕಾಡೆಮಿಯ ಪ್ರದರ್ಶನದಲ್ಲಿ ಅವರ ಎರಡು ಚಿತ್ರಗಳು ಜೊತೆಯಾಗಿ ತೂಗಿದವು. ಒಂದು ‘ಕಡಲ ತೀರದ ಸನ್ಯಾಸಿ’. ಸುಮಾರು 110 ಸೆಂಟಿಮೀಟರ್ ಎತ್ತರ, 171 ಸೆಂಟಿಮೀಟರ್ ಅಗಲದ ಈ ಚಿತ್ರದಲ್ಲಿ ಬಹುಪಾಲು ಬರೀ ಆಕಾಶ. ಕೆಳಗೆ ಕಪ್ಪು ಸಮುದ್ರದ ಒಂದು ಪಟ್ಟಿ, ಬಿಳಿಚಿದ ಮರಳು. ಆ ಮರಳಿನ ಮೇಲೆ ಬೆರಳಷ್ಟು ಚಿಕ್ಕದಾಗಿ ಒಬ್ಬ ಮನುಷ್ಯ. ಮೊದಲು ಅವರು ಸಮುದ್ರದಲ್ಲಿ ಹಡಗುಗಳನ್ನೂ ಬರೆಯಲು ಹೊರಟಿದ್ದರು, ಆಮೇಲೆ ಅಳಿಸಿದರು ಎಂಬುದು ಚಿತ್ರದ ಒಳಪದರಗಳನ್ನು ಪರೀಕ್ಷಿಸಿದಾಗ ತಿಳಿದುಬಂತು. ನನಗೆ ಇದು ಬಹಳ ದೊಡ್ಡ ಪಾಠವೆನಿಸಿತು. ಹಡಗುಗಳಿದ್ದಿದ್ದರೆ ನಮ್ಮ ಕಣ್ಣು ಅವುಗಳ ಮೇಲೆ ಹೋಗಿ ಕೂರುತ್ತಿತ್ತು. ಅವು ಇಲ್ಲದ ಕಾರಣ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಅನಂತವನ್ನು ಬರೆಯಲಾಗದು. ಆದರೆ ಅದರ ಮುಂದೆ ಮನುಷ್ಯ ಎಷ್ಟು ಚಿಕ್ಕವನು ಎಂಬುದನ್ನು ಬರೆಯಬಹುದು.

ಇನ್ನೊಂದು ‘ಓಕ್ ಕಾಡಿನ ಮಠ’. ಗ್ರೈಫ್ಸ್‌ವಾಲ್ಡ್ ಸಮೀಪದ ಎಲ್ಡೆನಾ ಎಂಬಲ್ಲಿ ಹಾಳುಬಿದ್ದ ಒಂದು ಮಠವಿದೆ, ಫ್ರೆಡ್ರಿಕ್ ಬಾಲ್ಯದಿಂದ ನೋಡಿದ್ದು. ಆ ಒಡಕು ಗೋಡೆ ಚಿತ್ರದ ನಡುವಿನಲ್ಲಿದೆ. ಸುತ್ತ ಎಲೆಯಿಲ್ಲದ ಓಕ್ ಮರಗಳು, ಹಿಮ ಬಿದ್ದ ನೆಲ, ವಾಲಿದ ಗೋರಿಕಲ್ಲುಗಳು. ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ಮುರಿದ ಬಾಗಿಲಿನ ಕಡೆಗೆ ನಡೆಯುತ್ತಿದ್ದಾರೆ. ಚಿತ್ರದ ಕೆಳಭಾಗವೆಲ್ಲ ಕತ್ತಲೆ. ಮೇಲೆ ಮಾತ್ರ ತಿಳಿಯಾದ ಬೆಳಕು, ಅದರಲ್ಲಿ ಗಮನಿಸದಿದ್ದರೆ ತಪ್ಪಿಹೋಗುವಷ್ಟು ಸಣ್ಣ ಚಂದ್ರ. ಸಾವಿನ ಚಿತ್ರವೇ ಇದು. ಆದರೂ ಬೆಳಕಿಗೆ ಒಂದು ಜಾಗ ಬಿಟ್ಟಿದ್ದಾರೆ. ಯುವರಾಜನ ಒತ್ತಾಸೆಯಿಂದ ಪ್ರಷ್ಯಾದ ದೊರೆ ಈ ಎರಡೂ ಚಿತ್ರಗಳನ್ನು ಕೊಂಡರು. ಅಕಾಡೆಮಿ ಫ್ರೆಡ್ರಿಕ್ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು.

ಅವರು ಕೆಲಸ ಮಾಡುತ್ತಿದ್ದ ರೀತಿಯೂ ವಿಶೇಷ. ಪೆನ್ಸಿಲ್ ಹಿಡಿದು ಮೈಲಿಗಟ್ಟಲೆ ನಡೆದು ಒಂದೊಂದು ಮರ, ಒಂದೊಂದು ಬಂಡೆಯನ್ನು ಇದ್ದುದು ಇದ್ದಂತೆ ಬರೆದುಕೊಳ್ಳುತ್ತಿದ್ದರು. ದಿನಾಂಕವನ್ನೂ ಹಾಕುತ್ತಿದ್ದರು. ಬಣ್ಣದ ಕೆಲಸ ಮಾತ್ರ ಕೋಣೆಯೊಳಗೆ. ಗೆಳೆಯ ಕೆರ್ಸ್ಟಿಂಗ್ ಆ ಕೋಣೆಯ ಚಿತ್ರ ಬರೆದಿದ್ದಾರೆ. ಬರಿಯ ಗೋಡೆ, ಒಂದು ಚಿತ್ರಫಲಕ, ಕುರ್ಚಿ, ಅಳತೆಪಟ್ಟಿ, ಕೆಳಭಾಗ ಮುಚ್ಚಿದ ಕಿಟಕಿ. ಹೊರಗಿನ ವಸ್ತುಗಳು ಒಳಗಿನ ಚಿತ್ರವನ್ನು ಕದಡುತ್ತವೆ ಎಂದು ಅವರು ನಂಬಿದ್ದರು. ಚಿತ್ರಕಾರ ತನ್ನ ಮುಂದೆ ಕಾಣುವುದರ ಜೊತೆಗೆ ತನ್ನೊಳಗೆ ಕಾಣುವುದನ್ನೂ ಬರೆಯಬೇಕು, ಒಳಗೆ ಏನೂ ಕಾಣದಿದ್ದರೆ ಹೊರಗಿನದನ್ನೂ ಬರೆಯದಿರುವುದೇ ಲೇಸು ಎಂಬುದು ಅವರ ನಿಲುವು. ಆರಂಭದಲ್ಲಿ ಹೇಳಿದ ಅಲೆಮಾರಿಯ ಚಿತ್ರ 1818ರ ಆಸುಪಾಸಿನದು. ಅದರ ಬಂಡೆಗಳು ಬೇರೆ ಬೇರೆ ಜಾಗಗಳಲ್ಲಿ ಬರೆದುಕೊಂಡವು. ಆ ಎಲ್ಲ ಬಂಡೆಗಳನ್ನೂ ಹಾಗೆ ಒಟ್ಟಿಗೆ ತೋರಿಸುವ ಶಿಖರ ಭೂಮಿಯ ಮೇಲೆಲ್ಲೂ ಇಲ್ಲ. ಬಯಲು ನೆಲದ ಎಲ್ಡೆನಾ ಮಠವನ್ನೂ ಅವರು ಇನ್ನೊಂದು ಚಿತ್ರದಲ್ಲಿ ಎತ್ತರದ ಪರ್ವತಗಳ ನಡುವೆ ಇಟ್ಟಿದ್ದಾರೆ. ಒಂದೊಂದು ಎಲೆಯೂ ಸತ್ಯ, ಒಟ್ಟು ನೋಟ ಮಾತ್ರ ಮನಸ್ಸಿನದು.

ಪ್ರಥಮ ಪಿಯುಸಿ ಇತಿಹಾಸದಲ್ಲಿ ನಾವು ಓದುವ ನೆಪೋಲಿಯನ್ನನ ಯುದ್ಧಗಳು ಇವರ ಬದುಕಿನಲ್ಲೂ ಹಾದುಹೋದವು. 1813ರಲ್ಲಿ ಡ್ರೆಸ್ಡನ್ ಸುತ್ತ ಸೈನ್ಯಗಳು ತುಂಬಿದಾಗ ಫ್ರೆಡ್ರಿಕ್ ಎಲ್ಬೆ ದಡದ ಮರಳುಗಲ್ಲಿನ ಬೆಟ್ಟಗಳ ಕಡೆಗೆ ಹೊರಟುಹೋದರು. ಆ ಸಮಯದಲ್ಲಿ ಅವರು ಬರೆದ ಯುದ್ಧದ ಚಿತ್ರದಲ್ಲಿ ಯುದ್ಧವೇ ಇಲ್ಲ. ಎತ್ತರದ ಫರ್ ಕಾಡಿನೊಳಗೆ ಒಬ್ಬನೇ ಒಬ್ಬ ಫ್ರೆಂಚ್ ಸೈನಿಕ ಬೆನ್ನು ತೋರಿಸಿ ನಿಂತಿದ್ದಾನೆ, ಹತ್ತಿರದ ಕೊರಡಿನ ಮೇಲೆ ಒಂದು ಕಾಗೆ. ಅವನು ಹಿಂದಿರುಗುವುದಿಲ್ಲ ಎಂದು ಯಾರೂ ನಮಗೆ ಹೇಳಬೇಕಾಗಿಲ್ಲ.

1818ರ ಜನವರಿಯಲ್ಲಿ ಫ್ರೆಡ್ರಿಕ್ ಮದುವೆಯಾದರು. ಅವರಿಗೆ 43, ಪತ್ನಿ ಕ್ಯಾರೋಲಿನ್‌ಗೆ ಸುಮಾರು 25. ಎಮ್ಮಾ, ಆಗ್ನೆಸ್ ಎಂಬ ಇಬ್ಬರು ಹೆಣ್ಣುಮಕ್ಕಳು, ಗುಸ್ತಾವ್ ಎಂಬ ಗಂಡುಮಗ ಹುಟ್ಟಿದರು. ಚಿತ್ರಗಳಲ್ಲೂ ಹೆಣ್ಣಿನ ಆಕೃತಿಗಳು ಹೆಚ್ಚಾಗಿ ಬರತೊಡಗಿದವು. 1822ರ ‘ಕಿಟಕಿಯ ಬಳಿ ಹೆಂಗಸು’ ಚಿತ್ರದಲ್ಲಿ ಕ್ಯಾರೋಲಿನ್ ಕತ್ತಲೆಯ ಕೋಣೆಯಲ್ಲಿ ನಿಂತು ಹೊರಗೆ ನೋಡುತ್ತಿದ್ದಾರೆ. ಆಕೆಗೆ ನದಿ ಕಾಣುತ್ತಿದೆ. ನಮಗೆ ಕಾಣುವುದು ಆಕೆಯ ಬೆನ್ನು ಮತ್ತು ಹಡಗಿನ ಕೂವೆಮರ ಮಾತ್ರ.

ನನಗೆ ಅತ್ಯಂತ ಪ್ರಿಯವಾದದ್ದು 1819ರ ಸುಮಾರಿನ ‘ಚಂದ್ರನನ್ನು ನೋಡುತ್ತಿರುವ ಇಬ್ಬರು’. ಬೆಟ್ಟದ ದಾರಿಯಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬರು ಫ್ರೆಡ್ರಿಕ್, ಅವರ ಭುಜಕ್ಕೆ ಒರಗಿದವನು ಶಿಷ್ಯ ಎಂದು ಗುರುತಿಸುತ್ತಾರೆ. ಬೇರು ಕಿತ್ತ ಒಣ ಓಕ್ ಒಂದು ಕಡೆ, ಹಸಿರು ಮರ ಇನ್ನೊಂದು ಕಡೆ, ನಡುವೆ ತೆಳ್ಳಗಿನ ಎಳೆಚಂದ್ರ. ರಮಝಾನಿನ ಹಿಂದಿನ ಸಂಜೆ ಮಾಳಿಗೆಯೇರಿ ಹಿಲಾಲ್‌ಗಾಗಿ ಪಶ್ಚಿಮದ ಕಡೆ ಕಣ್ಣು ನೆಟ್ಟವರಿಗೆ ಆ ಇಬ್ಬರ ನಿಲುವು ತೀರಾ ಪರಿಚಿತ. ಆಗ ಯಾರೂ ಪಕ್ಕದವರ ಮುಖ ನೋಡುವುದಿಲ್ಲ. ಎಲ್ಲರೂ ಒಂದೇ ಕಡೆ ನೋಡುತ್ತಾರೆ. ಮುಖ ಏಕೆ ಕಾಣುವುದಿಲ್ಲ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಚಿತ್ರದಲ್ಲಿ. ಚಿತ್ರದೊಳಗಿನ ಮನುಷ್ಯ ನಮ್ಮ ಕಡೆ ತಿರುಗಿದರೆ ನಾವು ಅವನನ್ನು ನೋಡುತ್ತೇವೆ. ಬೆನ್ನು ತಿರುಗಿಸಿದರೆ ಅವನ ಹಿಂದೆ ಸಾಲಿನಲ್ಲಿ ನಿಂತು ಅವನು ನೋಡುವುದನ್ನು ನಾವೂ ನೋಡುತ್ತೇವೆ. ಕಾಣದವನನ್ನು ಚಿತ್ರಿಸುವ ಸಾಹಸಕ್ಕೆ ಕೈಹಾಕದೆ, ಅವನ ಸೃಷ್ಟಿಯ ಮುಂದೆ ನಿಂತವನನ್ನು ಮಾತ್ರ ಇಲ್ಲಿ ಚಿತ್ರಿಸಿದ್ದಾರೆ.

ಆ ಇಬ್ಬರು ತೊಟ್ಟಿರುವುದು ಹಳೆಯ ಜರ್ಮನ್ ಉಡುಪು. ನೆಪೋಲಿಯನ್ ಸೋತ ಮೇಲೆ ಸ್ವಾತಂತ್ರ್ಯ ಬಯಸಿದ ವಿದ್ಯಾರ್ಥಿಗಳ ಉಡುಪು ಅದು. 1819ರ ನಂತರ ಸರ್ಕಾರಗಳು ಅಂಥವರ ಮೇಲೆ ಕಣ್ಣಿಟ್ಟವು. ಫ್ರೆಡ್ರಿಕ್ ಆ ಉಡುಪನ್ನು ಚಿತ್ರಗಳಿಂದ ತೆಗೆಯಲಿಲ್ಲ.

1820ರಲ್ಲಿ ಆಪ್ತ ಗೆಳೆಯ, ಚಿತ್ರಕಾರ ಕ್ಯೂಗೆಲ್ಗನ್ ದರೋಡೆಕೋರನ ಕೈಯಲ್ಲಿ ಕೊಲೆಯಾದರು. ಫ್ರೆಡ್ರಿಕ್ ಗೆಳೆಯನ ಗೋರಿಯ ಚಿತ್ರ ಬರೆದರು. 1824ರಲ್ಲಿ ಡ್ರೆಸ್ಡನ್ ಅಕಾಡೆಮಿ ಅವರಿಗೆ ಪ್ರಾಧ್ಯಾಪಕ ಎಂಬ ಬಿರುದು ಕೊಟ್ಟಿತು, ನಿಸರ್ಗಚಿತ್ರದ ತರಗತಿಯನ್ನು ಕೊಡಲಿಲ್ಲ. ಜನರ ಅಭಿರುಚಿಯೂ ಬದಲಾಗುತ್ತಿತ್ತು. ‘ಹಿಮದ ಸಮುದ್ರ’ ಚಿತ್ರ ಅವರು ಮುಗಿಸಿದ್ದು ಆ ಕಾಲದಲ್ಲೇ. ಎಲ್ಬೆ ನದಿಯಲ್ಲಿ ತೇಲಿಬಂದ ಮಂಜುಗಡ್ಡೆಗಳನ್ನು ಅಭ್ಯಾಸ ಮಾಡಿ, ಉತ್ತರ ಧ್ರುವದ ಕಡೆಗೆ ಹೊರಟ ನೌಕಾಯಾನಗಳ ಸುದ್ದಿ ಕೇಳಿ ಬರೆದದ್ದು. ಗೋಪುರದಂತೆ ಒಂದರ ಮೇಲೊಂದು ಏರಿದ ಮಂಜಿನ ಚಪ್ಪಡಿಗಳು, ಬದಿಯಲ್ಲಿ ನುಚ್ಚುನೂರಾಗುತ್ತಿರುವ ಹಡಗಿನ ಒಂದು ತುಣುಕು. ಮಂಜಿನ ನೀರು ತಮ್ಮನನ್ನು ನುಂಗಿ ಆಗ 36 ವರ್ಷ ಕಳೆದಿದ್ದವು. ಚಿತ್ರ ನೋಡಿದವರಿಗೆ ಹಿಡಿಸಲಿಲ್ಲ. ಫ್ರೆಡ್ರಿಕ್ ಸಾಯುವವರೆಗೂ ಅದು ಮಾರಾಟವಾಗದೆ ಉಳಿಯಿತು. ಇಂದು ಅದು ಹ್ಯಾಂಬರ್ಗ್ ಕಲಾ ಸಂಗ್ರಹಾಲಯದ ಹೆಮ್ಮೆಯ ಕೃತಿಗಳಲ್ಲಿ ಒಂದು. ಆ ಚಿತ್ರದಲ್ಲೂ ಮೇಲುಗಡೆ ಆಕಾಶ ತಿಳಿನೀಲಿಯಾಗಿ ತೆರೆದಿದೆ.

1835ರ ಜೂನಿನಲ್ಲಿ ಪಾರ್ಶ್ವವಾಯು ಬಡಿಯಿತು. ತೈಲವರ್ಣದ ಕೆಲಸ ಬಹುತೇಕ ನಿಂತಿತು. ಶಾಯಿ, ಜಲವರ್ಣಗಳ ಸಣ್ಣ ರಚನೆಗಳಷ್ಟೇ ಸಾಧ್ಯವಾದವು. ರಷ್ಯಾದ ಕವಿ ಝುಕೋವ್ಸ್ಕಿ ಹಳೆಯ ಸ್ನೇಹ ಮರೆಯದೆ ಅಲ್ಲಿನ ರಾಜಮನೆತನದವರಿಂದ ಚಿತ್ರಗಳನ್ನು ಕೊಳ್ಳಿಸಿ ನೆರವಾದರು. 1840ರ ಮೇ 7ರಂದು ಫ್ರೆಡ್ರಿಕ್ ಡ್ರೆಸ್ಡನ್ನಿನಲ್ಲಿ ಕಣ್ಣುಮುಚ್ಚಿದರು. ಆ ಹೊತ್ತಿಗೆ ಅವರನ್ನು ಬಹುಮಂದಿ ಮರೆತಿದ್ದರು.

ಅರ್ಧ ಶತಮಾನದ ಬಳಿಕ ನಾರ್ವೆಯ ಕಲಾ ಇತಿಹಾಸಕಾರ ಆಂಡ್ರಿಯಾಸ್ ಔಬರ್ಟ್ ಅವರನ್ನು ಮತ್ತೆ ಹುಡುಕಿ ತೆಗೆದರು. 1906ರಲ್ಲಿ ಬರ್ಲಿನ್ನಿನ ದೊಡ್ಡ ಪ್ರದರ್ಶನದಲ್ಲಿ ಅವರ 32 ಕೃತಿಗಳನ್ನು ಕಂಡು ಜನ ಬೆರಗಾದರು. ಆಮೇಲೆ ಹಿಟ್ಲರನ ಆಳ್ವಿಕೆಯಲ್ಲಿ ನಾಝಿಗಳು ಅವರನ್ನು ತಮ್ಮ ಜನಾಂಗ ಸಿದ್ಧಾಂತದ ಪ್ರಚಾರಕ್ಕೆ ಎಳೆದುಕೊಂಡರು. ಸತ್ತು ನೂರು ವರ್ಷವಾಗುತ್ತಿದ್ದ ಒಬ್ಬ ಮನುಷ್ಯ ಅದನ್ನು ಅಲ್ಲಗಳೆಯುವುದಾದರೂ ಹೇಗೆ? ಆ ಕಳಂಕ ತೊಳೆಯಲು ದಶಕಗಳೇ ಬೇಕಾದವು. ಚಿಹ್ನೆಗಳಿಗೆ ಈ ಅಪಾಯ ಯಾವಾಗಲೂ ಇದೆ. ಓಕ್ ಮರವನ್ನು ಒಬ್ಬ ನಶ್ವರತೆಯ ಗುರುತಾಗಿ ಬರೆದರೆ ಇನ್ನೊಬ್ಬ ಅದನ್ನು ದರ್ಪದ ಗುರುತಾಗಿ ಓದಬಹುದು. 2024ರಲ್ಲಿ ಅವರ 250ನೆಯ ಜನ್ಮವರ್ಷಕ್ಕೆ ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡನ್ ನಗರಗಳಲ್ಲಿ ದೊಡ್ಡ ಪ್ರದರ್ಶನಗಳು ನಡೆದವು.

ಪಾರ್ಶ್ವವಾಯು ಬಡಿಯುವ ಆಸುಪಾಸಿನಲ್ಲಿ ಅವರು ‘ಬದುಕಿನ ಹಂತಗಳು’ ಎಂಬ ಚಿತ್ರ ಬರೆದಿದ್ದರು. ತಮ್ಮೂರಿನ ಬಳಿಯ ಕಡಲ ದಡ, ಸಂಜೆ. ಐದು ಜನ, ಐದು ಹಡಗುಗಳು. ದೊಡ್ಡ ಹಡಗು ದಡಕ್ಕೆ ಹತ್ತಿರ ಬರುತ್ತಿದೆ, ಸಣ್ಣವು ದಡದ ಬಳಿ ಹೊರಡಲು ಅಣಿಯಾಗಿವೆ, ಉಳಿದವು ದೂರದಲ್ಲಿ. ಮಕ್ಕಳು ಒಂದು ಪುಟ್ಟ ಬಾವುಟ ಹಿಡಿದು ಆಡುತ್ತಿದ್ದಾರೆ. ಊರುಗೋಲು ಹಿಡಿದ ಮುದುಕರೊಬ್ಬರು ನಮಗೆ ಬೆನ್ನು ಮಾಡಿ ಅವರ ಕಡೆಗೆ, ಕಡಲಿನ ಕಡೆಗೆ ನಡೆಯುತ್ತಿದ್ದಾರೆ. ಅದು ಸ್ವತಃ ಫ್ರೆಡ್ರಿಕ್ ಎಂದು ಹೇಳುತ್ತಾರೆ.

ಸ್ನೇಹಿತರೇ, ನಾವು ದಿನಕ್ಕೆ ನೂರಾರು ಚಿತ್ರಗಳನ್ನು ಬೆರಳಿನಿಂದ ಮೇಲಕ್ಕೆ ಸರಿಸಿಬಿಡುತ್ತೇವೆ. ಬಹುತೇಕ ಎಲ್ಲದರಲ್ಲೂ ನಗುವ ಮುಖ ಮುಂದೆ, ಬೆಟ್ಟ ಸಮುದ್ರಗಳು ಹಿಂದೆ. ಫ್ರೆಡ್ರಿಕ್ ಅವರಂತೆ ಒಮ್ಮೆ ತಿರುಗಿ ನಿಂತು ನೋಡೋಣ. ನಮ್ಮ ಮನೆಗಳಲ್ಲೂ ಸಾವುಗಳಾಗುತ್ತವೆ, ನಾವೂ ಯಾರನ್ನೋ ಕಳೆದುಕೊಂಡಿರುತ್ತೇವೆ. ಆ ದುಃಖವನ್ನು ಅಡಗಿಸದೆ, ಅದರೊಳಗೆ ಮುಳುಗದೆ, ಎಲ್ಲ ಚಿತ್ರದಲ್ಲೂ ಒಂದು ಹಸಿರು ಮರಕ್ಕೋ ಎಳೆಚಂದ್ರನಿಗೋ ಜಾಗ ಬಿಟ್ಟ ಮನುಷ್ಯನ ಬದುಕು ಇದು. ಅವರ ಒಂದು ಚಿತ್ರವನ್ನು ಐದು ನಿಮಿಷ ಸುಮ್ಮನೆ ನೋಡಿ. ಆಮೇಲೆ ಹೊರಗೆ ಬಂದು ಆಕಾಶ ನೋಡಿ. ಅದು ಎಲ್ಲರಿಗೂ ತೆರೆದೇ ಇದೆ.